ತುಂಬಿದ ಟ್ಯಾಂಕು, ನಿಂತ ಗಾಡಿ

ಮೋಟಾರ್ ಸೈಕಲ್ ಇಲ್ಲದ ಮನೆ ಇಂದು ನಮ್ಮ ಊರುಗಳಲ್ಲಿ ವಿರಳ. ಮಕ್ಕಳನ್ನು ಶಾಲೆಗೆ ಮುಟ್ಟಿಸುವುದು, ಜ್ವರ ಬಂದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಸಂತೆಯಿಂದ ಅಕ್ಕಿ ಮೂಟೆ ತರುವುದು, ಭಾನುವಾರದ ಪೂಜೆಗೆ ಮನೆಮಂದಿಯನ್ನು ಎರಡು ಸಲ ಹೋಗಿ ಬಂದು ತಲುಪಿಸುವುದು, ಎಲ್ಲವೂ ಅದರ ಬೆನ್ನ ಮೇಲೆಯೇ. ಇಷ್ಟು ದುಡಿಯುವ ಈ ಯಂತ್ರ ನಮ್ಮ ನೆನಪಿಗೆ ಬರುವುದು ಮಾತ್ರ ಒಂದೇ ಸಂದರ್ಭದಲ್ಲಿ: ದಾರಿಯ ನಡುವೆ ಅದು ಕೆಟ್ಟು ನಿಂತಾಗ. ಆಗ ನಾವು ಮೊದಲು ಒದೆಯುತ್ತೇವೆ, ಅನಂತರ ಬೈಯುತ್ತೇವೆ, ಕೊನೆಗೆ ಯಾರನ್ನಾದರೂ ಕೇಳುತ್ತೇವೆ. ಏನಾಗಿರಬಹುದೆಂದು ಸಮಾಧಾನದಿಂದ ಯೋಚಿಸುವುದು ಇವೆಲ್ಲ ಮುಗಿದ ಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಿದ ಒಬ್ಬ ಹುಡುಗನನ್ನು ಕಳೆದ ಏಪ್ರಿಲ್ ತಿಂಗಳಲ್ಲಿ ನಾನು ಹತ್ತಿರದಿಂದ ಕಂಡೆ. ಅವನು ಬೇರೆ ಯಾರೂ ಅಲ್ಲ, ನನ್ನ ಅಣ್ಣನ ಮಗ.

ಅವನ ವಿಷಯವಾಗಿ ಎರಡು ಮಾತು ಹೇಳಬೇಕು. ಅವನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿ ಒಂದು ವರ್ಷದಲ್ಲಿ ಬಿಟ್ಟುಬಂದವನು. ಈಗ ಐ.ಟಿ.ಐ.ಯಲ್ಲಿ ಮೋಟಾರ್ ವಾಹನಗಳ ಮೆಕ್ಯಾನಿಕ್ ತರಬೇತಿಯ ಎರಡನೆಯ ವರ್ಷದಲ್ಲಿದ್ದಾನೆ. ಮದುವೆ, ನಾಮಕರಣಗಳಲ್ಲಿ ಬಂಧುಗಳು ಸೇರಿದಾಗ “ಮಗ ಏನು ಓದುತ್ತಿದ್ದಾನೆ?” ಎಂಬ ಪ್ರಶ್ನೆ ಬಂದರೆ ಅಣ್ಣ ಮಾತು ಬದಲಿಸುತ್ತಾನೆ, ಅತ್ತಿಗೆ ಅಡಿಗೆಮನೆಗೆ ಹೋಗುತ್ತಾಳೆ. ಹುಡುಗ ಮೂಲೆಯಲ್ಲಿ ಕುಳಿತು ತನ್ನ ಫೋನನ್ನು ನೋಡುತ್ತಿರುತ್ತಾನೆ. ವರ್ಷದಿಂದೀಚೆಗೆ ಅವನ ಮಾತು ಕಡಿಮೆಯಾಗಿತ್ತು.

ಆ ಮನೆಯ ಮೋಟಾರ್ ಸೈಕಲ್ಲಿಗೂ ಅದೇ ಕಾಲದಲ್ಲಿ ಕೆಟ್ಟ ಹೆಸರು ಬಂದಿತ್ತು. ಹದಿಮೂರು ವರ್ಷ ಹಳೆಯದು. ಎರಡು ಸಲ ಅಣ್ಣನನ್ನು ಊರಾಚೆ ದಾರಿಯಲ್ಲಿ ನಿಲ್ಲಿಸಿತ್ತು. ದುರಸ್ತಿಗೆ ಒಯ್ದ ಕಡೆ ಓಡಿಸಿ ನೋಡಿ, ತೊಂದರೆ ಕಾಣದೆ, ಕೊನೆಗೆ “ಎಂಜಿನ್ ಕೆಲಸ ಬಂದಿದೆ, ಒಂಬತ್ತು ಸಾವಿರವಾಗುತ್ತದೆ” ಎಂದಿದ್ದರು. ಗುಜರಿಗೆ ಹಾಕುವುದೆಂದು ಅಣ್ಣ ತೀರ್ಮಾನಿಸಿದ್ದ. “ಹಾಕುವ ಮೊದಲು ಒಮ್ಮೆ ದೂರ ಓಡಿಸಿ ನೋಡುತ್ತೇನೆ” ಎಂದು ಹುಡುಗ ಕೇಳಿಕೊಂಡ. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ನೋಡಬೇಕೆಂಬ ಆಸೆ ನನಗೆ ಬಹುಕಾಲದಿಂದ ಇತ್ತು. ಹೀಗೆ ಇಬ್ಬರ ಉದ್ದೇಶವೂ ಕೂಡಿ, ಒಂದು ಬೆಳಿಗ್ಗೆ ಟ್ಯಾಂಕು ತುಂಬಿಸಿಕೊಂಡು ಚಿತ್ರದುರ್ಗದಿಂದ ಚಳ್ಳಕೆರೆಯ ಹಾದಿ ಹಿಡಿದೆವು.

ಬಯಲಿನ ಹಾದಿ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಶೇಂಗಾ ಬೆಳೆದು, ಗಾಣ ಮತ್ತು ಮಿಲ್ಲುಗಳನ್ನು ನಡೆಸಿ ಚಳ್ಳಕೆರೆಯು ಎಣ್ಣೆಯ ನಗರವೆಂದು ಹೆಸರಾಯಿತು; ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದಿತು. ಮೊಳಕಾಲ್ಮೂರು ರೇಷ್ಮೆ ಸೀರೆ ನೇಯ್ದು ಬದುಕಿತು. ಇವುಗಳ ನಡುವೆ ಹಬ್ಬಿರುವುದು ಹುಲ್ಲುಗಾವಲು, ಸ್ಥಳೀಯರ ಮಾತಿನಲ್ಲಿ ಕಾವಲು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ನೆಲವಿದು. ಮ್ಯಾಸಬೇಡರು ತಮ್ಮ ದೇವರ ಎತ್ತುಗಳನ್ನು ಇಂದಿಗೂ ಈ ಸೀಮೆಯಲ್ಲಿ ಕಾಯುತ್ತಾರೆ. ಆ ಎತ್ತುಗಳನ್ನು ನೋಡಿಕೊಳ್ಳುವವನನ್ನು ಕಿಲಾರಿ ಎನ್ನುತ್ತಾರೆ.

ನಾಯಕನಹಟ್ಟಿಯ ಸೀಮೆಗೆ ಸೇರಿದ ಕುದಾಪುರವೂ ಅಂತಹ ಕಾವಲಿನ ಊರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಇಲ್ಲಿ 1500 ಎಕರೆ ದೊರೆತು, ಅದರ ಎರಡನೆಯ ಆವರಣ ನಿರ್ಮಾಣವಾಗಿದೆ. ಶಾಲಾ ಅಧ್ಯಾಪಕರಿಗೆ ಪ್ರಯೋಗಗಳ ಮೂಲಕ ವಿಜ್ಞಾನವನ್ನು ಕಲಿಸುವ ಕೇಂದ್ರವೊಂದು ಅಲ್ಲಿದೆ. ಸುತ್ತಲಿನ ಕಾವಲುಗಳಲ್ಲಿ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ ಮತ್ತು ಅಣುಶಕ್ತಿಯ ಸಂಸ್ಥೆಗಳಿಗೂ ಭೂಮಿ ಸಂದಿದೆ. ಮೇವಿನ ನೆಲ ಕಳೆದುಕೊಂಡವರ ಅಹವಾಲು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಗಿತ್ತು. ಇಂದು ಆ ಬಯಲಿನಲ್ಲಿ ಗಾಡಿ ಕೆಟ್ಟು ನಿಂತವನಿಗೆ ಈ ಇತಿಹಾಸವೆಲ್ಲ ಎರಡೇ ರೂಪದಲ್ಲಿ ಕಾಣುತ್ತದೆ: ಒಂದು ಬದಿಗೆ ಮುಗಿಯದ ಕಾಂಪೌಂಡು ಗೋಡೆ, ಇನ್ನೊಂದು ಬದಿಗೆ ನೆರಳಿಲ್ಲದ ಬಯಲು.

ನಾವು ನಿಂತದ್ದು ಅಲ್ಲಿಯೇ. ಚಳ್ಳಕೆರೆಗೆ ಮುಂಚೆ ಒಮ್ಮೆ ಎಂಜಿನ್ ಮುಗ್ಗರಿಸಿ ನಿಂತು, ಹತ್ತು ನಿಮಿಷ ವಿಶ್ರಾಂತಿ ಕೊಟ್ಟ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಟಿತ್ತು. ಕುದಾಪುರದ ಬಳಿ ಮತ್ತೆ ಅದೇ ರೀತಿ ಎಳೆತ ಕಡಿಮೆಯಾಗಿ, ಎರಡು ಮೂರು ಸಲ ಕೆಮ್ಮಿದಂತೆ ಮಾಡಿ ನಿಂತುಹೋಯಿತು. ಹನ್ನೊಂದು ಗಂಟೆಯ ಬಿಸಿಲು. ನಮ್ಮಲ್ಲಿದ್ದದ್ದು ಒಂದು ಬಾಟಲಿ ನೀರು. ನನಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಊಟ ಬೇಕು.

ಸಲಹೆಗಳ ಮಳೆ

ನಮ್ಮ ಜನರ ಒಂದು ಗುಣವನ್ನು ಮೆಚ್ಚಲೇಬೇಕು. ಕೆಟ್ಟು ನಿಂತ ಗಾಡಿಯನ್ನು ಕಂಡು ಸುಮ್ಮನೆ ಹೋಗುವವರು ಕಡಿಮೆ. ಮೊದಲು ಬಂದವರು ಪ್ಲಗ್ ಬದಲಾಯಿಸಬೇಕೆಂದರು. ಎರಡನೆಯವರು ಕಾರ್ಬುರೇಟರ್ ಬಿಚ್ಚಿ ತೊಳೆಯಬೇಕೆಂದರು. ಟ್ರ್ಯಾಕ್ಟರಿನಲ್ಲಿ ಬಂದ ಇನ್ನೊಬ್ಬರು ಪೆಟ್ರೋಲಿಗೆ ನೀರು ಸೇರಿದೆ, ಎಲ್ಲವನ್ನೂ ಚೆಲ್ಲಿಬಿಡಿ ಎಂದರು. ಒಂದೊಂದು ಸಲಹೆಯೂ ಒಂದೊಂದು ಸಂದರ್ಭದಲ್ಲಿ ಸರಿಯೇ. ಆದರೆ ಮೂರನ್ನೂ ಒಮ್ಮೆಗೇ ಮಾಡಿದರೆ ಗಾಡಿ ಹೊರಟರೂ ಯಾವುದರಿಂದ ಹೊರಟಿತೆಂದು ತಿಳಿಯದು. ಹೊರಡದಿದ್ದರೆ ಹಳೆಯ ತೊಂದರೆಯ ಜೊತೆಗೆ ಹೊಸದೊಂದು ಸೇರಿರುತ್ತದೆ.

ಹುಡುಗ ಎಲ್ಲರ ಮಾತನ್ನೂ ವಿನಯದಿಂದ ಕೇಳಿದ, ಯಾವುದನ್ನೂ ಮಾಡಲಿಲ್ಲ. ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿ, ನಡುಸ್ಟ್ಯಾಂಡು ಹಾಕಿ, ಎಂಜಿನ್ ತಣ್ಣಗಾಗುವವರೆಗೆ ಅದರ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತ. ಅನಂತರ ನನ್ನನ್ನು ಕೇಳಿದ: “ಚಿಕ್ಕಪ್ಪ, ಅದು ಒಮ್ಮೆಗೇ ನಿಂತಿತಾ, ನಿಧಾನವಾಗಿ ನಿಂತಿತಾ? ಹಿಂದೆ ಕೂತ ನಿಮಗೆ ಏನನ್ನಿಸಿತು?”

“ನಿಧಾನವಾಗಿ. ಪೆಟ್ರೋಲ್ ಮುಗಿದಾಗ ನಿಲ್ಲುತ್ತದಲ್ಲ, ಹಾಗೆ” ಎಂದೆ.

“ನನಗೂ ಹಾಗೇ ಅನ್ನಿಸಿತು. ದೀಪ ಆರಿದ ಹಾಗೆ ಒಮ್ಮೆಗೇ ನಿಂತಿದ್ದರೆ ವಿದ್ಯುತ್ತಿನ ಕಡೆ ನೋಡಬೇಕು. ಕೆಮ್ಮುತ್ತಾ ನಿಂತರೆ ಮೊದಲು ಪೆಟ್ರೋಲಿನ ಕಡೆ ನೋಡಬೇಕು” ಎಂದ.

ತಿಂಗಳುಗಳ ಮೇಲೆ ಅವನ ಬಾಯಿಂದ ಇಷ್ಟು ಮಾತು ಬಂದದ್ದನ್ನು ಕೇಳುತ್ತಿದ್ದೆ. ಬಿಸಿಲಿನ ಯೋಚನೆ ಒಂದು ಕ್ಷಣ ಮರೆಯಾಯಿತು.

ಒಂದೊಂದೇ ಪ್ರಶ್ನೆ

ಎಂಜಿನ್ ನಡೆಯಲು ಬೇಕಾದದ್ದು ಮುಖ್ಯವಾಗಿ ನಾಲ್ಕು: ಪೆಟ್ರೋಲ್, ಗಾಳಿ, ಸರಿಯಾದ ಹೊತ್ತಿಗೆ ಒಂದು ಕಿಡಿ, ಮತ್ತು ಸಿಲಿಂಡರಿನಲ್ಲಿ ಮಿಶ್ರಣವನ್ನು ಅದುಮುವ ಒತ್ತಡ. ದಾರಿಯ ಮೇಲೆ ಕೆಟ್ಟ ಗಾಡಿಯಲ್ಲಿ ಈ ನಾಲ್ಕರಲ್ಲಿ ಯಾವುದು ಇಲ್ಲ ಎಂಬುದನ್ನು ಹುಡುಕಬೇಕೇ ಹೊರತು, ಯಾವ ಭಾಗ ಹಾಳಾಗಿದೆ ಎಂದು ಊಹಿಸಬಾರದು. ಹುಡುಗ ಸುಲಭವಾದದ್ದರಿಂದ ಕಷ್ಟವಾದದ್ದರ ಕಡೆಗೆ ನಡೆದ. ಹ್ಯಾಂಡಲಿನ ಮೇಲಿನ ಎಂಜಿನ್ ನಿಲ್ಲಿಸುವ ಗುಂಡಿ ಆಕಸ್ಮಿಕವಾಗಿ ಒತ್ತಿದೆಯೇ? ಇಲ್ಲ. ಪೆಟ್ರೋಲಿನ ನಲ್ಲಿ ತೆರೆದಿದೆಯೇ? ಇದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ? ಗಾಡಿಯನ್ನು ಅಲ್ಲಾಡಿಸಿದ, ಭಾರವಾಗಿ ತುಳುಕಿತು.

ಅನಂತರ ಪ್ಲಗ್ ಬಿಚ್ಚಿ ಅದರ ಮೂತಿಯನ್ನು ನನಗೆ ತೋರಿಸಿದ. ಒಣಗಿತ್ತು. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಕೊಂಡಿಲ್ಲ ಎಂದರ್ಥ. ಒಣಗಿದ್ದರೆ ಪೆಟ್ರೋಲ್ ಬಂದೇ ಇಲ್ಲ ಎಂದು ಅನುಮಾನಿಸಬೇಕು. ಆದರೂ ಅನುಮಾನವನ್ನೇ ತೀರ್ಪೆಂದು ಅವನು ತಿಳಿಯಲಿಲ್ಲ. ಪ್ಲಗ್ಗಿಗೆ ತಂತಿಯ ಟೋಪಿಯನ್ನು ಮತ್ತೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಿಡಿದು, ಕಿಕ್ಕರ್ ಒದೆಯಲು ನನಗೆ ಹೇಳಿದ. ಅಂಗೈಯ ನೆರಳಿನಲ್ಲಿ ನೀಲಿ ಕಿಡಿ ಚಟ್ಟೆಂದಿತು. ಕಿಡಿಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಪ್ಲಗ್ಗನ್ನು ಸ್ವಸ್ಥಾನದಲ್ಲಿ ಬಿಗಿದು, ಕಾರ್ಬುರೇಟರಿಗೆ ಪೆಟ್ರೋಲ್ ಒಯ್ಯುವ ರಬ್ಬರ್ ಕೊಳವೆಯನ್ನು ಎಳೆದು, ಬಾಯಿಗೆ ಖಾಲಿ ಬಾಟಲಿಯ ಮುಚ್ಚಳವನ್ನು ಹಿಡಿದ. ನಾಲ್ಕು ಹನಿ ಬಿದ್ದು ನಿಂತಿತು. ನಲ್ಲಿಯನ್ನು ರಿಸರ್ವಿಗೆ ತಿರುಗಿಸಿದ. ಮತ್ತೆ ಎರಡು ಹನಿ, ಅಷ್ಟೇ.

ಟ್ಯಾಂಕು ತುಂಬಿದೆ, ನಲ್ಲಿ ತೆರೆದಿದೆ, ಪೆಟ್ರೋಲ್ ಬರುತ್ತಿಲ್ಲ. ನಾನಾಗಿದ್ದರೆ ನಲ್ಲಿಯಲ್ಲಿ ಕಸ ಕಟ್ಟಿದೆ ಎನ್ನುತ್ತಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಸ ಕಟ್ಟಿದ್ದರೆ ಹತ್ತು ನಿಮಿಷ ಬಿಟ್ಟರೆ ತಾನಾಗಿ ಸರಿಹೋಗುತ್ತಿರಲಿಲ್ಲವಲ್ಲ ಚಿಕ್ಕಪ್ಪ?” ಎಂದ. ಆಮೇಲೆ, “ಅಪ್ಪನಿಗೆ ಎರಡು ಸಲ ಕೈಕೊಟ್ಟದ್ದೂ ದೂರ ಹೋಗಲೆಂದು ಟ್ಯಾಂಕು ತುಂಬಿಸಿದ ದಿನವೇ” ಎಂದು ತನಗೆ ತಾನೇ ಹೇಳಿಕೊಂಡ. ಎದ್ದು, ಬೀಗದ ಕೈ ಹಾಕಿ ಟ್ಯಾಂಕಿನ ಮುಚ್ಚಳವನ್ನು ತೆರೆದ.

ಸುಂಯ್ ಎಂದು ಗಾಳಿ ಒಳಕ್ಕೆ ನುಗ್ಗಿದ ಸದ್ದು ನನಗೂ ಕೇಳಿಸಿತು. ಮರುಕ್ಷಣವೇ ಕೊಳವೆಯಿಂದ ಪೆಟ್ರೋಲ್ ಧಾರೆಯಾಗಿ ಇಳಿಯಿತು.

ಕಾರಣ ಇಷ್ಟೇ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗಾಗಿ ಒಂದು ಸಣ್ಣ ರಂಧ್ರವಿರುತ್ತದೆ. ಪೆಟ್ರೋಲ್ ಕೆಳಗಿಳಿದಂತೆ ಆ ಜಾಗವನ್ನು ತುಂಬಲು ಹೊರಗಿನ ಗಾಳಿ ಅದರ ಮೂಲಕ ಒಳಬರಬೇಕು. ರಂಧ್ರ ಧೂಳಿನಿಂದ ಕಟ್ಟಿಕೊಂಡರೆ ಒಳಗೆ ಗಾಳಿಯ ಒತ್ತಡ ಕಡಿಮೆಯಾಗಿ, ಪೆಟ್ರೋಲನ್ನು ಮೇಲಕ್ಕೆ ಹಿಡಿದಿಟ್ಟಂತಾಗುತ್ತದೆ. ಟ್ಯಾಂಕು ಅರ್ಧ ಖಾಲಿ ಇದ್ದಾಗ ಒಳಗೆ ಗಾಳಿ ಧಾರಾಳವಾಗಿರುವುದರಿಂದ ಈ ತೊಂದರೆ ತಡವಾಗಿ ಕಾಣುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಇರುವ ಜಾಗವೇ ಅಲ್ಪ. ಸ್ವಲ್ಪ ಪೆಟ್ರೋಲ್ ಇಳಿದರೂ ಒತ್ತಡ ಬೇಗ ಕುಸಿಯುತ್ತದೆ. ರಂಧ್ರ ಪೂರ್ತಿ ಮುಚ್ಚಿರದಿದ್ದರೆ ಹತ್ತು ನಿಮಿಷದಲ್ಲಿ ಗಾಳಿ ನಿಧಾನವಾಗಿ ಸೇರಿ, ಗಾಡಿ ಮತ್ತೆ ಹೊರಡುತ್ತದೆ. ಊರೊಳಗೆ ಅರ್ಧ ಟ್ಯಾಂಕಿನಲ್ಲಿ ಎರಡು ಕಿಲೋಮೀಟರ್ ಓಡಿಸಿ ನೋಡಿದವರಿಗೆ ಇದು ಕಾಣದೆ ಹೋದದ್ದು ಸಹಜವೇ.

ಇಷ್ಟಾದ ಮೇಲೂ ಹುಡುಗ ಹೊರಡಲು ಅವಸರಪಡಲಿಲ್ಲ. ಮುಚ್ಚಳವನ್ನು ಮತ್ತೆ ಬಿಗಿಯಾಗಿ ಹಾಕಿ ಪೆಟ್ರೋಲನ್ನು ಬಾಟಲಿಗೆ ಹರಿಯಬಿಟ್ಟ. ಧಾರೆ ಸಣ್ಣಗಾಗಿ, ಹನಿಯಾಗಿ, ನಿಂತಿತು. ಮುಚ್ಚಳ ತೆರೆದ, ಹರಿಯಿತು. ಎರಡನೆಯ ಸಲವೂ ಹಾಗೆಯೇ ಮಾಡಿದ. ಬಾಟಲಿಯಲ್ಲಿ ಸೇರಿದ್ದನ್ನು ಟ್ಯಾಂಕಿಗೆ ಸುರಿದು, “ಈಗ ಖಾತ್ರಿಯಾಯಿತು” ಎಂದ.

ದೂರದಲ್ಲಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ಆ ವೇಳೆಗೆ ಕೋಲೂರಿಕೊಂಡು ಬಂದು ನಿಂತು ಇದೆಲ್ಲವನ್ನೂ ನೋಡುತ್ತಿದ್ದರು. ಮುಚ್ಚಳದ ಸಂಗತಿ ಕೇಳಿ ನಕ್ಕರು. “ಇದೇನ್ ದೊಡ್ಡ ವಿಷ್ಯನಪ್ಪಾ? ಎಣ್ಣೆ ಡಬ್ಬಕ್ಕೆ ಎಲ್ಡ್ ತೂತು ಹೊಡೀತಾರಲ್ಲ, ಹಂಗೇ. ಒಂದೇ ತೂತು ಹೊಡುದ್ರೆ ಎಣ್ಣೆ ಗುಳುಗುಳು ಅಂತ ನಿಂತ್ ನಿಂತ್ ಬತ್ತತಿ. ಒಳಕ್ ಗಾಳಿ ಹೋದ್ರೆ ತಾನೆ ಹೊರಕ್ ಎಣ್ಣೆ ಬರಾದು” ಎಂದರು. ಎಣ್ಣೆಯ ನಾಡಿನವರಿಗೆ ಭೌತಶಾಸ್ತ್ರದ ಪಾಠ ಬೇಕಿರಲಿಲ್ಲ. ತಮ್ಮ ಡಬ್ಬಿಯಲ್ಲಿದ್ದ ಮಜ್ಜಿಗೆಯನ್ನು ಲೋಟಕ್ಕೆ ಬಗ್ಗಿಸಿ ನನಗೆ ಕೊಟ್ಟರು. ಅವರಿಗೆ ನಮ್ಮ ಹೆಸರೂ ಬೇಕಿರಲಿಲ್ಲ, ಊರೂ ಬೇಕಿರಲಿಲ್ಲ.

ಮೇಸ್ತ್ರಿಯ ಅಂಗಡಿಯಲ್ಲಿ

ಮುಚ್ಚಳವನ್ನು ಸಡಿಲವಾಗಿ ಬಿಟ್ಟು ಓಡಿಸಿದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತುಳುಕುವ ಅಪಾಯವಿದೆ. ಆದ್ದರಿಂದ ಐದಾರು ಕಿಲೋಮೀಟರಿಗೊಮ್ಮೆ ನಿಂತು, ಮುಚ್ಚಳ ತೆರೆದು ಹಾಕಿ, ನಾಯಕನಹಟ್ಟಿ ಸೇರಿದೆವು. ಊರ ಅಂಚಿನಲ್ಲಿದ್ದ ತಗಡಿನ ಅಂಗಡಿಯ ಮೇಸ್ತ್ರಿಗೆ ಹುಡುಗ ನಡೆದದ್ದನ್ನು ಕ್ರಮವಾಗಿ ವಿವರಿಸಿದ. ಮೇಸ್ತ್ರಿ ನಡುವೆ ಬಾಯಿ ಹಾಕದೆ ಕೇಳಿ, ಮುಚ್ಚಳವನ್ನು ಬಿಚ್ಚಿ, ರಂಧ್ರದಲ್ಲಿ ಗಟ್ಟಿಯಾಗಿದ್ದ ಕೆಸರನ್ನು ಸಣ್ಣ ತಂತಿಯಿಂದ ಕೆದಕಿ, ಕಂಪ್ರೆಸರಿನ ಗಾಳಿ ಹೊಡೆದರು. ಗಾಡಿ ತೊಳೆಯುವಾಗಿನ ನೀರು ಧೂಳಿನೊಂದಿಗೆ ಸೇರಿ ಒಣಗಿ ಅಲ್ಲಿ ಬಿರಡೆಯಂತೆ ಕುಳಿತಿತ್ತು. ಕೆಲಸ ಐದು ನಿಮಿಷದ್ದು. ಎಷ್ಟು ಕೊಡಬೇಕೆಂದು ನಾನು ಕೇಳಿದಾಗ ಮೇಸ್ತ್ರಿ, “ಕಂಡುಹಿಡಿದಿದ್ದು ಈ ತಮ್ಮ. ನಾನು ಊದಿದ್ದಷ್ಟೇ. ಊದಿದ್ದಕ್ಕೆ ಇಪ್ಪತ್ತು ರೂಪಾಯಿ ಕೊಡಿ ಸಾರ್” ಎಂದರು. ಹುಡುಗನ ಕಡೆ ತಿರುಗಿ, “ಎಲ್ಲಿ ಕಲಿತಿದ್ದು?” ಎಂದು ಕೇಳಿದರು. “ಐ.ಟಿ.ಐ.” ಎಂದು ಅವನು ಗಟ್ಟಿಯಾಗಿ ಹೇಳಿದ. ಆ ಮೂರು ಅಕ್ಷರಗಳನ್ನು ಅವನು ಗಟ್ಟಿಯಾಗಿ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಹತ್ತಿರದ ಹೋಟೆಲಿನಲ್ಲಿ ಊಟ ಮುಗಿಸಿ ಬಂದು, ಬಿಸಿಲು ಇಳಿಯುವವರೆಗೆ ಆ ಅಂಗಡಿಯಲ್ಲೇ ಕುಳಿತಿದ್ದೆವು. ಈ ಹಾದಿಯಲ್ಲಿ ಕೆಡುವ ಗಾಡಿಗಳ ವಿಷಯವಾಗಿ ಮೇಸ್ತ್ರಿಯೂ ಹುಡುಗನೂ ಮಾತನಾಡಿಕೊಂಡದ್ದರಲ್ಲಿ ಪ್ರತಿ ಮನೆಗೂ ಉಪಯುಕ್ತವಾದದ್ದಿದೆ. ಬಳ್ಳಾರಿ ಜಾಲಿಯ ಮುಳ್ಳು ಇಲ್ಲಿನ ದೊಡ್ಡ ಶತ್ರು. ಟ್ಯೂಬಿಲ್ಲದ ಟೈರಿಗೆ ಮುಳ್ಳು ಅಥವಾ ಮೊಳೆ ಚುಚ್ಚಿದರೆ ಕಂಡೊಡನೆ ಕೀಳಬಾರದು. ಅದು ಇರುವವರೆಗೆ ಗಾಳಿ ನಿಧಾನವಾಗಿ ಹೋಗುತ್ತದೆ. ಮೆಲ್ಲಗೆ ಪಂಕ್ಚರ್ ಅಂಗಡಿ ತಲುಪಬಹುದು. ಸರಪಳಿಗೆ ಧೂಳಿನ ಮೇಲೆಯೇ ಎಣ್ಣೆ ಸುರಿದರೆ ಎರಡೂ ಸೇರಿ ಅರೆಯುವ ಹಿಟ್ಟಿನಂತಾಗಿ ಹಲ್ಲುಗಳನ್ನು ಸವೆಸುತ್ತದೆ; ಮೊದಲು ಒರೆಸಬೇಕು, ಅನಂತರ ಎಣ್ಣೆ. ಕ್ಲಚ್ ತಂತಿ ಒಂದೇ ದಿನದಲ್ಲಿ ಹರಿಯುವುದಿಲ್ಲ. ಹಿಡಿಯ ಹತ್ತಿರ ಒಂದೊಂದೇ ಎಳೆಯಾಗಿ ಬಿಡುತ್ತಾ ಬರುತ್ತದೆ. ವಾರಕ್ಕೊಮ್ಮೆ ಕಣ್ಣಿಟ್ಟು ನೋಡಿದವನಿಗೆ ಅದು ಮೊದಲೇ ಎಚ್ಚರಿಕೆ ಕೊಟ್ಟಿರುತ್ತದೆ.

ನಮ್ಮ ಗಾಡಿಯಂತಹ ಕಾರ್ಬುರೇಟರ್ ವಾಹನಗಳ ಕಾಲ ಮುಗಿಯುತ್ತಾ ಬಂದಿದೆ. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ಮಾಲಿನ್ಯ ನಿಯಮ ಜಾರಿಗೆ ಬಂದ ಮೇಲೆ ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಪೆಟ್ರೋಲನ್ನು ಅಳೆದು ಸಿಂಪಡಿಸುವ ಕೆಲಸವನ್ನು ಗಣಕವೇ ಮಾಡುತ್ತದೆ. ಅವು ಕೆಟ್ಟು ನಿಂತರೆ ತಮ್ಮಿಂದೇನೂ ಆಗದೆಂದು ಹಲವರು ಕೈಚೆಲ್ಲುತ್ತಾರೆ. ಆದರೆ ಅಲ್ಲಿಯೂ ಪ್ರಶ್ನೆಗಳ ಕ್ರಮ ಬದಲಾಗಿಲ್ಲ. ಕೀಲಿ ತಿರುಗಿಸಿದೊಡನೆ ಪೆಟ್ರೋಲ್ ಪಂಪಿನ ಸಣ್ಣ ಗುಂಯ್ ಸದ್ದು ಕೇಳುತ್ತದೆಯೇ? ಪಕ್ಕದ ಸ್ಟ್ಯಾಂಡು ಪೂರ್ತಿ ಮೇಲೆದ್ದಿದೆಯೇ? ಫ್ಯೂಸ್ ಸರಿಯಿದೆಯೇ? ಬ್ಯಾಟರಿಗೆ ಶಕ್ತಿ ಇದೆಯೇ? ಎಚ್ಚರಿಕೆಯ ದೀಪ ಉರಿಯುತ್ತಲೇ ಇದೆಯೇ? ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಂತಹ ಗಾಡಿ ತಳ್ಳಿದರೂ ಹೊರಡುವುದು ಕಷ್ಟ, ಏಕೆಂದರೆ ಪಂಪು ನಡೆಯಲೂ ವಿದ್ಯುತ್ ಬೇಕು. ಇನ್ನು ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತಿರುತ್ತದೆ. ಎಥೆನಾಲಿಗೆ ತೇವವನ್ನು ಹೀರುವ ಗುಣವಿದೆ. ಹಳೆಯ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಅದರ ರಬ್ಬರ್ ಕೊಳವೆಗಳನ್ನೂ ಕಾರ್ಬುರೇಟರನ್ನೂ ಆಗಾಗ ನೋಡಿಕೊಳ್ಳುವುದು ಒಳ್ಳೆಯದು.

ಹಿಂದೆ ಈ ತಿಳಿವಳಿಕೆ ಮನೆಗಳಲ್ಲೇ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಆ ಎಂಜಿನ್ನುಗಳಲ್ಲಿ ಪ್ಲಗ್ಗಿಗೆ ಮಸಿ ಹಿಡಿಯುತ್ತಿತ್ತು. ಅದನ್ನು ಬಿಚ್ಚಿ, ಉಜ್ಜುಕಾಗದದಿಂದ ತಿಕ್ಕಿ, ಹಾಕಿಕೊಂಡು ಹೋಗುವುದು ಗಾಡಿ ಇಟ್ಟವರಿಗೆಲ್ಲ ಗೊತ್ತಿದ್ದ ವಿದ್ಯೆ. ಅವರಲ್ಲಿ ಅಂಚೆಯವರಿದ್ದರು, ಅಧ್ಯಾಪಕರಿದ್ದರು, ರೈತರಿದ್ದರು. ಕೈ ಮಸಿಯಾದರೆ ಮರ್ಯಾದೆ ಕಡಿಮೆಯಾಯಿತೆಂದು ಅವರು ಭಾವಿಸಿದಂತೆ ಕಾಣುವುದಿಲ್ಲ.

ದೊಡ್ಡ ಯಂತ್ರಗಳೂ ಹೀಗೆಯೇ

ಮೇಸ್ತ್ರಿಯ ಅಂಗಡಿಯಲ್ಲಿ ಇನ್ನೊಂದು ಮಾತು ಬಂತು. 2019ರ ಸೆಪ್ಟೆಂಬರಿನಲ್ಲಿ ರುಸ್ತುಂ-2 ಎಂಬ ಮಾನವರಹಿತ ವಿಮಾನವೊಂದು ಪರೀಕ್ಷೆಯ ವೇಳೆ ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿಯ ಹೊಲಕ್ಕೆ ಬಿದ್ದಿತ್ತು. 2017ರಲ್ಲಿ ಉದ್ಘಾಟನೆಯಾದ ಇಲ್ಲಿನ ವೈಮಾನಿಕ ಪರೀಕ್ಷಾ ಕೇಂದ್ರದ ಕೆಲಸವೇ ಹೊಸ ಯಂತ್ರಗಳನ್ನು ಹಾರಿಸಿ, ಅವು ಎಲ್ಲಿ ಸೋಲುತ್ತವೆ ಎಂದು ನೋಡುವುದು. ಅದೇ ಕೇಂದ್ರದ ರನ್‌ವೇ ಮೇಲೆ 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯ ಮರುಬಳಕೆಯ ಉಡಾವಣಾ ವಾಹನದ ಮಾದರಿ ಬಂದಿಳಿಯಿತು. ಹೆಲಿಕಾಪ್ಟರೊಂದು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದನ್ನು ಬಿಟ್ಟಿತ್ತು. ಉಳಿದ ದಾರಿಯನ್ನು ಅದು ತಾನೇ ನಿರ್ಧರಿಸಿಕೊಂಡು ನೆಲ ಮುಟ್ಟಿತು. 2024ರಲ್ಲಿ ಇನ್ನೂ ಎರಡು ಸಲ, ಹೆಚ್ಚು ಕಠಿಣವಾದ ಸನ್ನಿವೇಶಗಳಲ್ಲಿ, ಆ ಪ್ರಯೋಗ ಯಶಸ್ವಿಯಾಯಿತು.

ಗೋಡೆಯ ಒಳಗಿನ ವಿಜ್ಞಾನಿಗೂ ಗೋಡೆಯ ಹೊರಗೆ ಬಿಸಿಲಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತ ಹುಡುಗನಿಗೂ ವಿದ್ಯೆಯಲ್ಲಿ ಅಜಗಜಾಂತರವಿದೆ, ನಿಜ. ಆದರೆ ವಿಧಾನ ಒಂದೇ. ಏನಾಯಿತೆಂದು ಮೊದಲು ನೋಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಸಿಕ್ಕ ಉತ್ತರವನ್ನು ಮತ್ತೊಮ್ಮೆ ಪರೀಕ್ಷಿಸುವುದು, ಬಿದ್ದದ್ದನ್ನು ಬೈಯದೆ ಬಿದ್ದ ಕಾರಣವನ್ನು ಹುಡುಕುವುದು.

ಬಂಡೆಯ ಮೇಲಿನ ಹೆಸರು

ತಳಕು, ಹಾನಗಲ್ ದಾಟಿ ಸಿದ್ದಾಪುರದ ಬಳಿಯ ಬ್ರಹ್ಮಗಿರಿಯನ್ನು ತಲುಪಿದಾಗ ಸಂಜೆಯಾಗುತ್ತಿತ್ತು. ಗಾಡಿ ದಾರಿಯಲ್ಲಿ ಒಮ್ಮೆಯೂ ಕೆಮ್ಮಲಿಲ್ಲ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ನೆರೆಯ ತಾಣಗಳಲ್ಲಿ ಅಶೋಕನ ಶಾಸನಗಳಿರುವುದನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು ಎಂಬ ಸಾಮಾನ್ಯ ಬಾಳ್ವೆಯ ಬುದ್ಧಿಮಾತುಗಳು ಅವುಗಳಲ್ಲಿವೆ.

ಆ ಬಂಡೆಯ ಕುರಿತು ಒಂದು ಸಂಗತಿಯನ್ನು ಹುಡುಗನಿಗೆ ಹೇಳಿದೆ. ಅಲ್ಲಿ ಅರಸನನ್ನು ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದ ಕರೆದಿದೆ. ಅಶೋಕ ಎಂಬ ಅವನ ಸ್ವಂತ ಹೆಸರು ಆ ಬಂಡೆಯ ಮೇಲಿಲ್ಲ. ಆ ಹೆಸರನ್ನು ಕಾಣಲು ಮಸ್ಕಿಗೋ ನಿಟ್ಟೂರಿಗೋ ಹೋಗಬೇಕು. ಆದರೆ ಶಾಸನವನ್ನು ಬರೆದ ಲಿಪಿಕಾರನ ಹೆಸರು ಇಲ್ಲಿದೆ: ಚಪಡ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೆ, ‘ಲಿಪಿಕಾರ’ ಎಂಬ ತನ್ನ ವೃತ್ತಿಯ ಪದವನ್ನು ಅವನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಕೈಗೆಲಸದವನೊಬ್ಬ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ತನ್ನ ಕಸುಬನ್ನು ನಾಚಿಕೆಯಿಲ್ಲದೆ ಕಲ್ಲಿನ ಮೇಲೆ ಹೇಳಿಕೊಂಡಿದ್ದಾನೆ. ಹುಡುಗ ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದ. ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಗಾಳಿಗೊಂದು ದಾರಿ

ಆತ್ಮೀಯ ಓದುಗರೇ, ದೂರದ ಪ್ರಯಾಣಕ್ಕೆ ಹೊರಡುವಾಗ ಒಂದು ಪ್ಲಗ್ ಸ್ಪ್ಯಾನರು, ಒಂದು ಹೊಸ ಪ್ಲಗ್, ಕ್ಲಚ್ ತಂತಿ, ಸಣ್ಣ ಇಕ್ಕಳ, ಒಂದಿಷ್ಟು ತಂತಿ, ಟೈರಿಗೆ ಗಾಳಿ ತುಂಬುವ ಸಾಧನ, ಬಟ್ಟೆಯ ಚೂರು ಇವುಗಳನ್ನು ಜೊತೆಗಿಟ್ಟುಕೊಳ್ಳಿ. ಹೊಸ ಗಾಡಿಯಾಗಿದ್ದರೆ ಒಂದೆರಡು ಫ್ಯೂಸ್ ಇರಲಿ. ಎಲ್ಲಕ್ಕಿಂತ ಮೊದಲು ಎರಡು ಬಾಟಲಿ ನೀರು ಇರಲಿ. ಬಿಸಿ ಎಂಜಿನ್ನಿನ ಪ್ಲಗ್ಗನ್ನು ಬಿಚ್ಚಬೇಡಿ. ಕಿಡಿ ಪರೀಕ್ಷಿಸುವಾಗ ಪೆಟ್ರೋಲ್ ಹತ್ತಿರವಿರದಂತೆ ನೋಡಿಕೊಳ್ಳಿ. ಮನೆಯ ಹುಡುಗರಿಗಷ್ಟೇ ಅಲ್ಲ, ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳಿಗೂ ಇದನ್ನೆಲ್ಲ ಕಲಿಸಿ. ದಾರಿಯಲ್ಲಿ ನಿಂತಾಗ ಭಯಕ್ಕಿಂತ ಮುಂಚೆ ಬುದ್ಧಿ ಓಡಬೇಕಾದರೆ ಕೈಗೆ ಅಭ್ಯಾಸವಿರಬೇಕು.

ಇವೆಲ್ಲವೂ ಯಂತ್ರದ ಮಾತಾಯಿತು. ನಮ್ಮ ಮನೆಗಳಲ್ಲಿಯೂ ಆಗಾಗ ಕೆಟ್ಟು ನಿಂತ ಜೀವಗಳಿರುತ್ತವೆ. ಓದು ಬಿಟ್ಟ ಮಗ, ಮಾತು ಬಿಟ್ಟ ಮಗಳು, ಕೆಲಸ ಕಳೆದುಕೊಂಡು ಮೂಲೆ ಸೇರಿದ ಅಳಿಯ. ಅವರ ವಿಷಯದಲ್ಲಿ ದಾರಿಹೋಕರ ಸಲಹೆಗಳಿಗೇನೂ ಕೊರತೆಯಿಲ್ಲ. ಎಂಜಿನ್ನೇ ಹೋಗಿದೆ ಎಂದು ತೀರ್ಪು ಕೊಡುವವರೂ ಇದ್ದಾರೆ. ಆದರೆ ಆ ಜೀವ ಒಮ್ಮೆಗೇ ನಿಂತಿತೇ, ನಿಧಾನವಾಗಿ ನಿಂತಿತೇ, ಯಾವಾಗ ನಿಂತಿತು ಎಂದು ಪಕ್ಕದಲ್ಲಿ ಕುಳಿತು ಕೇಳುವವರು ವಿರಳ. ಒಳಗೆ ಏನೂ ಇಲ್ಲದೆ ನಿಂತವರಿಗಿಂತ ಒಳಗೆ ತುಂಬಿಕೊಂಡೇ ನಿಂತವರು ಹೆಚ್ಚೇನೋ. ಒಂದು ಒಳ್ಳೆಯ ಮಾತು, ಒಂದು ನಂಬಿಕೆಯ ಕೆಲಸ ಒಳಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಅವರಲ್ಲಿರುವುದಾದರೂ ಹೇಗೆ ಹೊರಕ್ಕೆ ಹರಿದೀತು?

ಅಣ್ಣ ಗಾಡಿಯನ್ನು ಗುಜರಿಗೆ ಹಾಕಲಿಲ್ಲ. ಅದರ ಕೀಲಿ ಈಗ ಮಗನ ಕೈಯಲ್ಲಿದೆ. ಕಳೆದ ತಿಂಗಳು ನಮ್ಮ ಬಂಧುಗಳ ಮನೆಯ ನಾಮಕರಣದಲ್ಲಿ ಯಾರೋ ಹಿರಿಯರು ಎಂದಿನ ಪ್ರಶ್ನೆ ಕೇಳಿದರು. ಅಣ್ಣ ಈ ಸಲ ಮಾತು ಬದಲಿಸಲಿಲ್ಲ. “ಮೆಕ್ಯಾನಿಕ್ ಕೆಲಸ ಕಲಿಯುತ್ತಿದ್ದಾನೆ. ನಿಮ್ಮ ಗಾಡಿಗೆ ಏನಾದರೂ ತೊಂದರೆಯಿದ್ದರೆ ಹೇಳಿ, ನೋಡುತ್ತಾನೆ” ಎಂದ. ಅವರ ಸ್ಕೂಟರಿಗೆ ತೊಂದರೆ ಇತ್ತು. ಹುಡುಗ ತೋಳು ಮಡಚಿಕೊಂಡು ಅಂಗಳಕ್ಕಿಳಿದ.